ಪಾಯಿಂಟ್ ಹೇಳಿದ ನಿಜ

ಮೈಸೂರಿನಲ್ಲಿ ಓದುತ್ತಾ ಜಾವಾ ಸದ್ದು ಕೇಳದವರು ಯಾರಾದ್ರೂ ಇದ್ದೀರಾ? ಬೆಳಗ್ಗೆ ಒಂಬತ್ತರ ಕ್ಲಾಸಿಗೆ ಓಡುವಾಗ ಎಲ್ಲಿಂದಲೋ ಒಂದು ಗಾಡಿ ಡುಗ್ ಡುಗ್ ಅಂತ ಎರಡು ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಿಟ್ಟುಕೊಂಡು ಹೋಗೇ ಹೋಗುತ್ತೆ. ಅದು ಈ ಊರಲ್ಲೇ ಹುಟ್ಟಿದ ಗಾಡಿ. ಚೆಕ್ ದೇಶದ ಜಾವಾ ಕಂಪನಿಯಿಂದ ಲೈಸೆನ್ಸ್ ಪಡೆದ ಐಡಿಯಲ್ ಜಾವಾ, ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ ಬೈಕು ತಯಾರಿಸಿತು. ಎಪ್ಪತ್ತರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿ ಅಂತಾಯ್ತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಆ ಬಾಗಿಲು ಮುಚ್ಚಿದ ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ನಾವು ನಾಲ್ಕು ಜನ, ಕಳೆದ ಸೆಮಿಸ್ಟರಿನ ಭಾನುವಾರಗಳನ್ನೆಲ್ಲ ಅಂಥದ್ದೊಂದು ಎಂಜಿನ್ ಮುಂದೆ ಕಳೆದೆವು.

ಗಾಡಿ ನಮ್ಮ ವರ್ಕ್‌ಶಾಪಿನ ಅಣ್ಣನದು. 1970ರ ಮಾಡೆಲ್, ಜಾವಾ 250. ಅವರ ತಂದೆ ಅದೇ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುವ ಕೆಲಸದಲ್ಲಿದ್ದರಂತೆ. ತಂದೆ ತೀರಿಕೊಂಡ ಮೇಲೆ ಗಾಡಿ ಹಿತ್ತಲ ಶೆಡ್ಡು ಸೇರಿತ್ತು. ಕಿಕ್ ಹೊಡೆದರೆ ಶುರುವಾಗುತ್ತಿತ್ತು, ಹತ್ತು ನಿಮಿಷಕ್ಕೆ ಮಿಸ್ ಹೊಡೆದು ನಿಂತೇ ಬಿಡುತ್ತಿತ್ತು. ಬೆಂಗಳೂರಿಂದ ಒಬ್ಬರು ಬಂದು ಬೆಲೆ ಕಟ್ಟಿ ಹೋಗಿದ್ದರು. "ಸುಮ್ನೆ ನಿಂತಿರೋ ಗಾಡಿ ಇಟ್ಕೊಂಡು ಮಗಳ ಫೀಸಿಗೆ ಸಾಲ ಮಾಡೋದು ಯಾವ ನ್ಯಾಯ ಹೇಳ್ರಪ್ಪಾ? ಓಡಿದ್ರೆ ಸಾಲ ಮಾಡಾದ್ರೂ ಇಟ್ಕೋತೀನಿ. ಸೆಮಿಸ್ಟರ್ ಮುಗಿಯೋ ತನಕ ನೋಡಿ, ಆಗ್ಲಿಲ್ಲ ಅಂದ್ರೆ ಕೊಟ್ಬಿಡ್ತೀನಿ" ಅಂದರು. ಜೊತೆಗೆ ಒಂದೇ ಒಂದು ಷರತ್ತು: "ಅಪ್ಪ ಜೋಡಿಸಿದ್ದು ಹೆಂಗಿತ್ತೋ ಹಂಗೇ ಇರ್ಬೇಕು."

ಈ ಷರತ್ತನ್ನು ಹೇಳೋದು ಸುಲಭ. ಆ ಕಾಲದ ಪಾರ್ಟ್ ಅಂದ್ರೆ ಯಾವುದು? ಹುಡುಕುತ್ತಾ ಹೋದಾಗ ಮೂರು ಜಾತಿ ಸಿಕ್ಕವು. ಮೊದಲನೆಯದು, ಅಂದೇ ತಯಾರಾಗಿ ಯಾವುದೋ ಅಂಗಡಿಯ ಅಟ್ಟದ ಮೇಲೆ ಮಾರಾಟವಾಗದೆ ಉಳಿದದ್ದು. ಇದಕ್ಕೆ ನ್ಯೂ ಓಲ್ಡ್ ಸ್ಟಾಕ್ ಅಂತಾರೆ, ಸಿಕ್ಕರೆ ಲಾಟರಿ ಹೊಡೆದ ಹಾಗೆ. ಎರಡನೆಯದು, ಬೇರೆ ಗಾಡಿಯಿಂದ ಬಿಚ್ಚಿದ ಹಳೆಯದು. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ರಾಶಿ ಕೆದಕುವ ತಾಳ್ಮೆ ಬೇಕು. ಮೂರನೆಯದು, ಹಳೆಯದನ್ನು ನೋಡಿ ಈಗ ಮಾಡಿದ್ದು. ಅದರಲ್ಲಿ ಚೆನ್ನಾಗಿರೋದೂ ಇದೆ, ಕಣ್ಣಿಗೆ ಮಾತ್ರ ಚೆನ್ನಾಗಿರೋದೂ ಇದೆ. ವರ್ನಿಯರ್ ಹಿಡಿದು ಅಳೆಯದೆ ಯಾವುದನ್ನೂ ತರಬಾರದು ಅನ್ನೋದು ನಮ್ಮ ಮೊದಲ ನಿಯಮವಾಯಿತು.

ಇನ್ನು ಎಂಜಿನ್. ಟೂ ಸ್ಟ್ರೋಕ್, ಒಂದೇ ಸಿಲಿಂಡರ್, ಬೋರ್ 65 ಮಿಮೀ, ಸ್ಟ್ರೋಕ್ 75 ಮಿಮೀ. ಒಂದು ಸಿಲಿಂಡರಿಗೆ ಎರಡು ಎಕ್ಸಾಸ್ಟ್ ಪೋರ್ಟ್, ಅದಕ್ಕೇ ಎರಡು ಸೈಲೆನ್ಸರ್. ಕಿಕ್ಕರೂ ಗೇರ್ ಲಿವರೂ ಒಂದೇ: ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಶುರುವಾದ ಮೇಲೆ ಹಿಂದಕ್ಕೆ ತಂದರೆ ಗೇರ್. ಗೇರ್ ಲಿವರ್ ತುಳಿದಾಗ ಕ್ಲಚ್ ತಾನೇ ಬಿಡುತ್ತೆ, ಕೈಯಲ್ಲಿ ಹಿಡಿಯಲೇಬೇಕು ಅಂತಿಲ್ಲ. ಥಿಯರಿ ಆಫ್ ಮಷಿನ್ಸ್ ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಕ್ಯಾಮ್ ಏನು ಮಾಡುತ್ತೆ ಅಂತ ನಮ್ಮಲ್ಲಿ ಇಬ್ಬರಿಗೆ ಸರಿಯಾಗಿ ತಿಳಿದದ್ದು ಆ ಕ್ಲಚ್ ಕವರ್ ಬಿಚ್ಚಿದ ದಿನ.

ಮಿಸ್ ಹೊಡೀತಿದೆ ಅಂದ ತಕ್ಷಣ ಎಲ್ಲರ ಬಾಯಲ್ಲೂ ಒಂದೇ ಸಲಹೆ: "ಪಾಯಿಂಟ್ ಕಿತ್ತಾಕಿ, ಸಿಡಿಐ ಹಾಕ್ಬಿಡಿ." ಇದೇನೂ ಕೆಟ್ಟ ಸಲಹೆಯಲ್ಲ. ಹಳೆಯ ವ್ಯವಸ್ಥೆಯಲ್ಲಿ 6 ವೋಲ್ಟಿನ ಡೈನಮೋ, ಕಾಯಿಲ್, ಮತ್ತು ಕ್ರ್ಯಾಂಕ್ ಒಂದು ಸುತ್ತು ತಿರುಗಿದಾಗ ಒಮ್ಮೆ ತೆರೆದುಕೊಳ್ಳುವ ಕಾಂಟ್ಯಾಕ್ಟ್ ಪಾಯಿಂಟ್. ಅದು ತೆರೆದ ಕ್ಷಣವೇ ಪ್ಲಗ್ಗಿನಲ್ಲಿ ಕಿಡಿ. ಪಾಯಿಂಟ್ ಸವೆಯುತ್ತೆ, ಸುಡುತ್ತೆ, ಆಗಾಗ ಹೊಂದಿಸಬೇಕು. ಸಿಡಿಐನಲ್ಲಿ ಈ ತಲೆನೋವೇ ಇಲ್ಲ. ನಮ್ಮಲ್ಲೂ ಇಬ್ಬರ ಮನಸ್ಸು ಅತ್ತಲೇ ಇತ್ತು. ಆದರೆ ಅಣ್ಣನ ಷರತ್ತು ಷರತ್ತೇ.

ಹಾಗಾಗಿ ಪಾಯಿಂಟ್ ಸೆಟ್ ಹೊಸದು ಹುಡುಕಿ ತಂದು, ಫೀಲರ್ ಗೇಜಿನಲ್ಲಿ ಗ್ಯಾಪ್ 0.4 ಮಿಮೀ ಇಟ್ಟೆವು. ನಾಲ್ಕು ಕಿಕ್ ಹೊಡೆದು ಮತ್ತೆ ಅಳೆದರೆ ಗ್ಯಾಪ್ ಬೇರೆ. ಮತ್ತೆ ಇಟ್ಟೆವು, ಮತ್ತೆ ಬೇರೆ. ಮೂರು ಭಾನುವಾರ ಹೀಗೇ ಹೋಯಿತು. ಕೊನೆಗೆ ಜಾವಾ ಬಿಚ್ಚಿಯೇ ತಲೆ ನೆರೆತ ಒಬ್ಬ ಮೇಸ್ತ್ರಿಯನ್ನು ಕರ್ಕೊಂಡು ಬಂದೆವು. ಅವರು ಸ್ಪ್ಯಾನರ್ ಕೂಡ ಮುಟ್ಟಲಿಲ್ಲ. ಬಲಗಡೆಯ ಕವರ್ ತೆಗೆಸಿ, ಡೈನಮೋ ರೋಟರನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರು. ಪಾಯಿಂಟ್ ನಮ್ಮ ಕಣ್ಣೆದುರೇ ತೆರೆದು ಮುಚ್ಚಿತು. "ಪಾಯಿಂಟ್ ಸರಿಯಾಗೇ ಐತೆ ಮರಿ. ಕ್ರ್ಯಾಂಕ್ ಕುಣೀತಾ ಐತೆ."

ಈ ಎಂಜಿನ್ನಿನಲ್ಲಿ ರೋಟರೂ ಪಾಯಿಂಟಿನ ಕ್ಯಾಮೂ ನೇರವಾಗಿ ಕ್ರ್ಯಾಂಕಿನ ತುದಿಯಲ್ಲೇ ಕೂತಿರುತ್ತವೆ. ಮೇನ್ ಬೇರಿಂಗ್ ಸವೆದರೆ ಕ್ರ್ಯಾಂಕ್ ಆಡುತ್ತೆ, ಕ್ರ್ಯಾಂಕ್ ಆಡಿದರೆ ಗ್ಯಾಪ್ ಬದಲಾಗುತ್ತೆ, ಗ್ಯಾಪ್ ಬದಲಾದರೆ ಟೈಮಿಂಗ್ ಅಲೆಯುತ್ತೆ. ಅಷ್ಟೇ ಅಲ್ಲ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲು ಗಾಳಿಯ ಮಿಶ್ರಣ ಮೊದಲು ಬರುವುದೇ ಕ್ರ್ಯಾಂಕ್‌ಕೇಸಿಗೆ, ಅಲ್ಲಿ ಒತ್ತಡ ಹುಟ್ಟಿ ಮೇಲಕ್ಕೆ ಹೋಗಬೇಕು. ಆಡುವ ಕ್ರ್ಯಾಂಕ್ ಪಕ್ಕದ ಆಯಿಲ್ ಸೀಲನ್ನೂ ತಿಂದಿತ್ತು. ಡೈನಮೋ ಕಡೆಯ ಸೀಲ್ ಸೋರಿದರೆ ಹೊರಗಿನ ಗಾಳಿ ಒಳಗೆ ನುಗ್ಗಿ ಮಿಶ್ರಣ ತೆಳುವಾಗುತ್ತೆ, ಎಂಜಿನ್ ಕಾಯುತ್ತೆ. ಹತ್ತು ನಿಮಿಷಕ್ಕೇ ಯಾಕೆ ನಿಲ್ಲುತ್ತಿತ್ತು ಅನ್ನೋದಕ್ಕೆ ಉತ್ತರ ಸಿಕ್ಕಿತು.

ಸಿಡಿಐ ಹಾಕಿದ್ದರೆ ಏನಾಗುತ್ತಿತ್ತು? ಮುಟ್ಟುವ ಪಾಯಿಂಟೇ ಇಲ್ಲದ ಮೇಲೆ ಅಷ್ಟು ಅಲುಗಾಟದಲ್ಲೂ ಕಿಡಿ ಬರುತ್ತಿತ್ತು. ಗಾಡಿ ಸುಧಾರಿಸಿದೆ ಅಂತ ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು. ಒಳಗೆ ಬೇರಿಂಗ್ ಸಾಯುತ್ತಲೇ ಇರುತ್ತಿತ್ತು, ಒಂದು ದಿನ ರಸ್ತೆ ಮಧ್ಯೆ ಎಂಜಿನ್ ಸೀಜ್. ಹಳೆಯ ಪಾರ್ಟಿನ ಬೆಲೆ ನಮಗೆ ಗೊತ್ತಾಗಿದ್ದು ಇಲ್ಲಿ. ಆ ಎಂಜಿನ್ ಮಾಡಿದವರು ಒಂದೊಂದು ಪಾರ್ಟನ್ನೂ ಇನ್ನೊಂದರ ಜೊತೆಗೇ ಯೋಚಿಸಿದ್ದಾರೆ. ಒಂದಕ್ಕೆ ನೋವಾದರೆ ಇನ್ನೊಂದು ಕೂಗುತ್ತೆ. ಕೂಗುವುದನ್ನು ಕಿತ್ತರೆ ಸದ್ದು ನಿಲ್ಲುತ್ತೆ, ನೋವು ಉಳಿಯುತ್ತೆ.

ಎಂಜಿನ್ ಪೂರ್ತಿ ಬಿಚ್ಚಿದೆವು. ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಡಿಸಿ, ಬಿಗ್ ಎಂಡ್ ಹೊಸದು ಹಾಕಿಸಿ, ವಿ ಬ್ಲಾಕ್ ಮೇಲಿಟ್ಟು ಡಯಲ್ ಗೇಜಿನಲ್ಲಿ ನೇರ ಮಾಡಿಸಿದೆವು. ಸಿಲಿಂಡರನ್ನು ಹಿಂದೆ 65.50ಕ್ಕೆ ಬೋರ್ ಮಾಡಿಸಿದ್ದರು. ಲೇತ್ ಅಂಗಡಿಯವರು ಬೇರೆ ಬೈಕಿನ ದೊಡ್ಡ ಪಿಸ್ಟನ್ ತೋರಿಸಿ, "ಇದು ಎಲ್ಲೆಲ್ಲೂ ಸಿಗುತ್ತೆ, ಕೊರೆದು ಕೂರಿಸ್ಲಾ?" ಅಂದರು. ಬೇಡ ಅಂದೆವು. ಕೊರೆದ ಲೋಹ ವಾಪಸ್ ಬರಲ್ಲ. ಜಾವಾದ್ದೇ 65.75ರ ಪಿಸ್ಟನ್ ಸಿಗುವ ತನಕ ಒಂದು ತಿಂಗಳು ಕಾದೆವು. ಲೆಕ್ಕ ಹಾಕಿದರೆ ಈಗದು ಸುಮಾರು 255 ಸಿಸಿ. 66ಕ್ಕೆ ಇನ್ನೊಂದು ಬೋರ್ ಬಾಕಿ ಇದೆ, ಅಂದ್ರೆ ಸಿಲಿಂಡರಿಗೆ ಇನ್ನೊಂದು ಜನ್ಮ ಇದೆ.

ಎಲ್ಲದರಲ್ಲೂ ಹಳೆಯದಕ್ಕೇ ಅಂಟಿಕೊಂಡೆವು ಅಂತಲ್ಲ. ಈಗ ಬಂಕಿನಲ್ಲಿ ಸಿಗೋದು 20% ಎಥನಾಲ್ ಬೆರೆತ ಪೆಟ್ರೋಲು. 1970ರ ರಬ್ಬರಿಗೆ ಅದರ ಪರಿಚಯವೇ ಇಲ್ಲ, ಉಬ್ಬುತ್ತೆ, ಬಿರಿಯುತ್ತೆ. ಅದಕ್ಕೆ ಸೀಲುಗಳು, ಪೆಟ್ರೋಲ್ ಪೈಪು ಎಲ್ಲ ಇಂದಿನವೇ. ಎಥನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ತರುವುದರಿಂದ ಮಿಶ್ರಣ ತೆಳುವಾಗುತ್ತೆ. ಇಸಿಯು ಇದ್ದರೆ ತಾನೇ ಸರಿಮಾಡಿಕೊಳ್ಳುತ್ತೆ, ಕಾರ್ಬ್ಯುರೇಟರಿಗೆ ಆ ಬುದ್ಧಿ ಇಲ್ಲ. ಹಾಗಾಗಿ ಮೇನ್ ಜೆಟ್ ಒಂದು ಸೈಜ್ ದೊಡ್ಡದು. ಬೇರಿಂಗೂ ಅದೇ ಅಳತೆಯ ಹೊಸದು. ಕೊನೆಗೆ ನಮ್ಮ ನಿಯಮ ಇಷ್ಟಾಯಿತು: ಸ್ಪ್ಯಾನರಿನಲ್ಲಿ ವಾಪಸ್ ಬಿಚ್ಚಬಹುದಾದ ಬದಲಾವಣೆ ಆಗಬಹುದು, ಗರಗಸ ಬೇಕಾಗುವ ಬದಲಾವಣೆ ಬೇಡ.

ಲೀಟರಿಗೆ 40 ಎಂಎಲ್ 2ಟಿ ಆಯಿಲ್ ಬೆರೆಸಿ, ಸೆಮಿಸ್ಟರ್ ಪರೀಕ್ಷೆಗೆ ಎರಡು ವಾರ ಇರುವಾಗ ಅಣ್ಣನ ಕೈಲೇ ಕಿಕ್ ಹೊಡೆಸಿದೆವು. ಮೂರನೇ ಕಿಕ್ಕಿಗೆ ಹತ್ತಿತು. ಹತ್ತು ನಿಮಿಷ ಆಯ್ತು. ಯಾರೂ ಮಾತಾಡಲಿಲ್ಲ, ಎಲ್ಲರ ಕಣ್ಣೂ ಗಡಿಯಾರದ ಮೇಲೆ. ಇಪ್ಪತ್ತು ನಿಮಿಷ ಆಯ್ತು. ಮರುವಾರ ಅಣ್ಣ ನಿಧಾನಕ್ಕೆ ನಂಜನಗೂಡಿಗೆ ಹೋಗಿ ಬಂದರು. ಬಂದವರೇ ಬೆಂಗಳೂರಿನವರಿಗೆ ಫೋನ್ ಮಾಡಿ, "ಗಾಡಿ ಮಾರಲ್ಲ ಸಾರ್" ಅಂದರು. ಫೀಸಿನ ಸಾಲಕ್ಕೆ ಅರ್ಜಿ ಹಾಕಿದ್ದಾರೆ.

ಐವತ್ತು ವರ್ಷ ದಾಟಿದ, ಎಂಜಿನ್ ಚಾಸಿ ಮಾರ್ಪಡಿಸದ ಗಾಡಿಗೆ 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಮಾಡಿಸಬಹುದು ಅಂತ ನಾವು ಹೇಳಿದೆವು. ಆದರೆ ಆಮೇಲೆ ಅದನ್ನು ದಿನಬಳಕೆಗೆ ಓಡಿಸುವ ಹಾಗಿಲ್ಲ. "ಹಂಗಾದ್ರೆ ಬೇಡ ಬಿಡ್ರಪ್ಪಾ" ಅಂದರು. ಈಗ ದಿನಾ ಅದರಲ್ಲೇ ಕಾಲೇಜಿಗೆ ಬರ್ತಾರೆ.

ಬಿಚ್ಚಿದ ಆ ಹಳೇ ಬೇರಿಂಗನ್ನು ವರ್ಕ್‌ಶಾಪಿನ ಕಿಟಕಿಯ ಪಕ್ಕದ ಶೆಲ್ಫಿನಲ್ಲಿ ಇಟ್ಟಿದ್ದೀವಿ. ಲ್ಯಾಬಿಗೆ ಬಂದಾಗ ಬೆರಳಿಗೆ ಹಾಕಿ ಒಮ್ಮೆ ತಿರುಗಿಸಿ ನೋಡಿ. ಗರ ಗರ ಅನ್ನುತ್ತೆ.