ಮೀನಿನ ದೋಣಿಗೆ ಸಿಕ್ಕ ಸಬ್‌ಮೆರಿನ್

ಕಡಲು ಹಾರಿದವನ ಹೆಸರಿನ ಬಡಾವಣೆ ಬೆಂಗಳೂರಿನ ನಮ್ಮ ಹನುಮಂತನಗರ. ಕಡಲಿಗೂ ನಮಗೂ ಇರುವ ನಂಟು ಅಷ್ಟೇ! ಆದರೂ ಈ ಕಥೆ ಹೇಳದೆ ಇರಲಾರೆ.

'ಮೂನ್‌ಸ್ಟೋನ್' ಅಂತ ಒಂದು ಹಡಗು. 1934ರಲ್ಲಿ ಕಟ್ಟಿದ್ದು ಮೀನು ಹಿಡಿಯೋಕೆ. 1939ರಲ್ಲಿ ಬ್ರಿಟಿಷ್ ನೌಕಾಪಡೆ ಅದನ್ನು ಕೊಂಡು, ಒಂದು ನಾಲ್ಕಿಂಚಿನ ತೋಪು, ನೀರೊಳಗಿನ ಸದ್ದು ಹಿಡಿಯುವ ಯಂತ್ರ, ಆಳದಲ್ಲಿ ಸಿಡಿಯುವ ಬಾಂಬುಗಳನ್ನು ಹೇರಿ ಸಬ್‌ಮೆರಿನ್ ಬೇಟೆಗೆ ಬಿಟ್ಟಿತು.

1940ರ ಜೂನ್ 19. ಏಡನ್ ಹತ್ತಿರ ಇಟಲಿಯ ಸಬ್‌ಮೆರಿನ್ 'ಗೆಲಿಲಿಯೊ ಗೆಲಿಲಿ' ಇದರ ಕಿವಿಗೆ ಬಿತ್ತು. ಬಾಂಬು ಬೀಳುತ್ತಿದ್ದಂತೆ ಸಬ್‌ಮೆರಿನ್ ಮೇಲೆದ್ದು ಗುಂಡಿನ ಕಾಳಗಕ್ಕೇ ನಿಂತಿತು. ಅದರದ್ದು ಎರಡು ತೋಪು, ಇದರದ್ದು ಒಂದೇ. ಗೆದ್ದದ್ದು ಮಾತ್ರ ಇದು. ಅಲ್ಲಿ ಕ್ಯಾಪ್ಟನ್ನೇ ಸತ್ತ, ಉಳಿದವರು ಶರಣಾದರು.

ನನ್ನ ಲೆಕ್ಕದಲ್ಲಿ ಅಸಲಿ ಬೇಟೆ ಸಬ್‌ಮೆರಿನ್ ಅಲ್ಲ, ಅದರೊಳಗೆ ಸಿಕ್ಕ ಕಾಗದಪತ್ರ. ಉಳಿದ ಇಟಾಲಿಯನ್ ಸಬ್‌ಮೆರಿನ್‌ಗಳು ಎಲ್ಲೆಲ್ಲಿವೆ ಅನ್ನೋ ಸುಳಿವು ಅದರಲ್ಲಿತ್ತು. ಕೆಲವೇ ದಿನಗಳಲ್ಲಿ ಓಮನ್ ಕೊಲ್ಲಿಯಲ್ಲಿ ಅವುಗಳಲ್ಲೊಂದಾದ 'ಗಾಲ್ವಾನಿ' ಮುಳುಗಿತು. ಅರಬ್ಬಿ ಸಮುದ್ರದ ಹಡಗುಗಳಿಗೆ, ಅಂದರೆ ನಮ್ಮ ಪಡುಗಡಲಿಗೂ, ಒಂದು ಕಾಟ ಕಡಿಮೆಯಾಯಿತು.

ಆಮೇಲೆ, ಅದೇ ಮಹಾಯುದ್ಧದ ವೇಳೆ, ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರು ಸಾವಿರಗಟ್ಟಲೆ ಬಂದದ್ದು ಎಲ್ಲಿಗೆ? ನಮ್ಮ ಬೆಂಗಳೂರಿಗೇ. ಜಾಲಹಳ್ಳಿಯಲ್ಲಿ ಅವರ ಶಿಬಿರಗಳಿದ್ದವು. ಅವರನ್ನು ಕಂಡವರ ಮಾತು ಕೇಳಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ದಯವಿಟ್ಟು ಈಗಲೇ ಬರೆದಿಟ್ಟುಕೊಳ್ಳಿ.