ಮಾತ್ರೆ ತಪ್ಪದ ಶುಶ್ರೂಷೆ

ಮಾತ್ರೆ ಎಂಬ ಶಬ್ದಕ್ಕೆ ಛಂದಸ್ಸಿನಲ್ಲಿ ಒಂದರ್ಥ, ಔಷಧದಂಗಡಿಯಲ್ಲಿ ಇನ್ನೊಂದರ್ಥ. ಎರಡಕ್ಕೂ ಮೂಲ ಒಂದೇ. ಅಳತೆ, ಪ್ರಮಾಣ ಎಂಬುದೇ ಅದರ ತಿರುಳು. ಷಟ್ಪದಿಯ ಸಾಲಿನಲ್ಲಿ ಒಂದು ಮಾತ್ರೆ ಹೆಚ್ಚಾದರೆ ವಾಚಕನ ನಾಲಗೆ ತೊಡರುತ್ತದೆ, ವಿದ್ವಾಂಸನು ಪಾಠಾಂತರವನ್ನು ಹುಡುಕಿ ಸರಿಪಡಿಸುತ್ತಾನೆ. ರೋಗಿಯ ಶರೀರದಲ್ಲಿ ಮಾತ್ರೆ ತಪ್ಪಿದರೆ ಪಾಠಾಂತರಕ್ಕೆ ಎಡೆಯಿಲ್ಲ. ಆದಕಾರಣ ದಾದಿಯರ ಕೈಯಲ್ಲಿ ಔಷಧದ ಪ್ರಮಾದ ಹೇಗೆ ಸಂಭವಿಸುತ್ತದೆ, ಅದನ್ನು ಹೇಗೆ ತಡೆಯಬಹುದು ಎಂಬ ವಿಚಾರ ವೈದ್ಯರಿಗಷ್ಟೇ ಸೇರಿದುದಲ್ಲ; ಅಕ್ಷರ ಕಲಿಸುವ ವೃತ್ತಿಯವರೂ ಮನಸ್ಸಿಡತಕ್ಕದ್ದು.

ಚರಕಸಂಹಿತೆ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಉಪಚಾರಕ, ರೋಗಿ. ಉಪಚಾರಕನನ್ನು ವೈದ್ಯನ ನೆರಳಾಗಿ ಕಾಣದೆ ಬೇರೆಯೇ ಒಂದು ಪಾದವೆಂದು ಎಣಿಸಿರುವುದು ಗಮನಾರ್ಹ. ಶುಶ್ರೂಷೆ ಎಂಬ ಪದವಾದರೋ ಕೇಳು ಎಂಬರ್ಥದ ‘ಶ್ರು’ ಧಾತುವಿನಿಂದ ಹುಟ್ಟಿದುದು. ಕೇಳಬೇಕೆಂಬ ಇಚ್ಛೆಯೇ ಅದರ ಮೂಲಾರ್ಥ. ಸೇವೆ ಎಂಬ ಅರ್ಥ ಆಮೇಲೆ ಬಂದು ಕೂಡಿತು.

ದಾದಿಯರ ಶಿಕ್ಷಣದಲ್ಲಿ ಐದು ‘ಸರಿ’ಗಳನ್ನು ಕಂಠಪಾಠ ಮಾಡಿಸುವುದುಂಟು: ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ವೇಳೆ. ಪಾಠವೇನೋ ಒಳ್ಳೆಯದೇ. ಆದರೆ ಅಮರಕೋಶ ಬಾಯಿಗೆ ಬಂದ ಮಾತ್ರಕ್ಕೆ ಕಾವ್ಯ ತಿಳಿಯುವುದಿಲ್ಲವಷ್ಟೆ. 1995ರಲ್ಲಿ ಪ್ರಕಟವಾದ ಅಮೆರಿಕದ ಬೋಸ್ಟನ್ ನಗರದ ಅಧ್ಯಯನವೊಂದರಲ್ಲಿ, ಅಪಾಯ ತರಬಲ್ಲ ತಪ್ಪುಗಳ ಪೈಕಿ ವೈದ್ಯರು ಬರೆಯುವ ಹಂತದಲ್ಲಿ ಆದವುಗಳಲ್ಲಿ ಸುಮಾರು ಅರ್ಧದಷ್ಟು ರೋಗಿಯನ್ನು ಮುಟ್ಟುವ ಮೊದಲೇ ಸಿಕ್ಕಿಬಿದ್ದವು. ಔಷಧ ಕೊಡುವ ಹಂತದಲ್ಲಿ ಆದವುಗಳಲ್ಲಿ ಒಂದೂ ಸಿಕ್ಕಲಿಲ್ಲ. ವೈದ್ಯರ ಬರಹವನ್ನು ಔಷಧ ವಿತರಕರು ಓದುತ್ತಾರೆ, ದಾದಿ ಓದುತ್ತಾರೆ. ದಾದಿಯ ನಂತರ ಓದುವವರು ಯಾರೂ ಇಲ್ಲ.

ತಪ್ಪು ಬಹುಮಟ್ಟಿಗೆ ಅಕ್ಷರದಲ್ಲಿಯೇ, ಅಂಕಿಯಲ್ಲಿಯೇ ಅಡಗಿರುತ್ತದೆ. ಸೊನ್ನೆಯನ್ನು ಬಿಟ್ಟು .5 ಎಂದು ಬರೆದರೆ ಚುಕ್ಕೆ ಮಾಸಿ 5 ಆಗುತ್ತದೆ; 1.0 ಎಂದು ಬರೆದರೆ 10 ಆಗುತ್ತದೆ. ಎರಡರಲ್ಲಿಯೂ ಪ್ರಮಾಣ ಹತ್ತು ಮಡಿ. ಆದುದರಿಂದ 0.5ಕ್ಕೆ ಮುಂದಿನ ಸೊನ್ನೆ ಬೇಕೇ ಬೇಕು, 1ಕ್ಕೆ ಹಿಂದಿನ ಸೊನ್ನೆ ಕೂಡದು. ಯೂನಿಟ್ ಎಂದು ಪೂರ್ತಿ ಬರೆಯದೆ ಇಂಗ್ಲಿಷಿನ ‘ಯು’ ಅಕ್ಷರವೊಂದನ್ನೇ ಗೀಚಿದರೆ ಅದು ಸೊನ್ನೆಯಂತೆ ಕಂಡು 4 ಯೂನಿಟ್ ಇನ್ಸುಲಿನ್ 40 ಆಗಬಹುದು. ಔಷಧದ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮ ಮಾಡಿತು. ಕಾಪಿ ಬರೆಸಿದ ಉಪಾಧ್ಯಾಯರಿಗೆ ಅದು ತಡವಾಗಿ ಬಂದ ಸಮಾಧಾನವೆನ್ನಬಹುದು.

ಇನ್ಸುಲಿನ್ನಿನ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಭಾರತದಲ್ಲಿ ಅದು ಮಿಲಿಲೀಟರಿಗೆ 40 ಯೂನಿಟ್, 100 ಯೂನಿಟ್ ಎಂಬ ಸಾಂದ್ರತೆಗಳಲ್ಲಿ ಮುಖ್ಯವಾಗಿ ದೊರೆಯುತ್ತದೆ. ಸಿರಿಂಜುಗಳೂ ಎರಡು ಬಗೆ: 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. 100ರ ಔಷಧವನ್ನು 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ರೋಗಿಗೆ ಹೋದದ್ದು 50 ಯೂನಿಟ್. ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪುತ್ತದೆ. ರಾತ್ರಿಯ ಹೊತ್ತು ಅದು ನಿದ್ರೆಯಂತೆಯೇ ಕಾಣುತ್ತದೆ. ಆದ್ದರಿಂದ ಎರಡು ಬಗೆಯನ್ನೂ ಒಂದೇ ಗೂಡಿನಲ್ಲಿ ಇಡಬಾರದು. ಕೊಡುವ ಮುನ್ನ ಮತ್ತೊಬ್ಬ ದಾದಿ ಪರಿಶೀಲಿಸಬೇಕು. ಆ ಎರಡನೆಯವರು ತಾವೇ ಹೊಸದಾಗಿ ಲೆಕ್ಕ ಮಾಡಬೇಕು. ಉತ್ತರವನ್ನು ಮೊದಲೇ ತೋರಿಸಿ “ಸರಿಯೆ?” ಎಂದರೆ “ಸರಿ” ಎಂಬ ಮಾತೇ ಬರುತ್ತದೆಂಬುದನ್ನು ಗಣಿತದ ಮೇಷ್ಟ್ರುಗಳಿಗೆ ಬೇರೆ ಹೇಳಬೇಕಾಗಿಲ್ಲ.

ಅಮೆರಿಕದ ಟೆನೆಸಿ ರಾಜ್ಯದಲ್ಲಿ 2017ರ ಡಿಸೆಂಬರಿನಲ್ಲಿ ನಡೆದ ಪ್ರಸಂಗ ಈ ವಿಷಯದಲ್ಲಿ ಮನನೀಯವಾದುದು. 75 ವರ್ಷದ ವೃದ್ಧೆಯೊಬ್ಬರಿಗೆ ಸ್ಕ್ಯಾನಿಂಗ್ ಯಂತ್ರದೊಳಗೆ ಅಂಜಿಕೆಯಾಗದಿರಲೆಂದು ವರ್ಸೆಡ್ ಎಂಬ ಶಮನೌಷಧವನ್ನು ಸೂಚಿಸಲಾಗಿತ್ತು. ದಾದಿಯು ಔಷಧದ ಯಾಂತ್ರಿಕ ಕಪಾಟಿನಲ್ಲಿ ಆ ಹೆಸರಿನ ಮೊದಲ ಎರಡು ಇಂಗ್ಲಿಷ್ ಅಕ್ಷರಗಳನ್ನು ಒತ್ತಿದರು. ಕಪಾಟಿನಲ್ಲಿ ಅದು ಮಿಡಜೋಲಾಮ್ ಎಂಬ ಮೂಲನಾಮದಲ್ಲಿತ್ತು. ಹೆಸರು ಕಾಣದಿರಲು ತಡೆಯನ್ನು ಮೀರುವ ಗುಂಡಿ ಒತ್ತಿ ಹುಡುಕಿದಾಗ, ಅದೇ ಎರಡು ಅಕ್ಷರಗಳಿಂದ ಆರಂಭವಾಗುವ ವೆಕ್ಯುರೋನಿಯಮ್ ಹೊರಬಂತು. ಅದು ಸ್ನಾಯುಗಳನ್ನು ಸ್ತಂಭನಗೊಳಿಸಿ ಉಸಿರನ್ನೇ ನಿಲ್ಲಿಸುವ ಔಷಧ. ಬೇಕಾಗಿದ್ದುದು ದ್ರವ, ಬಂದದ್ದು ಪುಡಿ. ಮುಚ್ಚಳದ ಮೇಲೆ ಎಚ್ಚರಿಕೆಯೂ ಅಚ್ಚಾಗಿತ್ತು. ವೃದ್ಧೆ ತೀರಿಕೊಂಡರು. ದಾದಿ ತಪ್ಪನ್ನು ಮರೆಮಾಚದೆ ಒಪ್ಪಿಕೊಂಡರು. 2022ರಲ್ಲಿ ನ್ಯಾಯಾಲಯ ಅವರನ್ನು ಅಪರಾಧಿಯೆಂದು ತೀರ್ಮಾನಿಸಿ ಮೂರು ವರ್ಷಗಳ ಪ್ರೊಬೇಷನ್ ವಿಧಿಸಿತು.

ಅವರ ಅನವಧಾನವನ್ನು ಅಲ್ಲಗಳೆಯುವಂತಿಲ್ಲ. ಆದರೂ ಎರಡೇ ಅಕ್ಷರಕ್ಕೆ ಅಂತಹ ಔಷಧವನ್ನು ಒಪ್ಪಿಸಿಬಿಟ್ಟ ಕಪಾಟು ಕಟಕಟೆ ಹತ್ತಲಿಲ್ಲ. ಒಪ್ಪಿಕೊಂಡವರಿಗೆ ದಂಡನೆ ನಿಶ್ಚಿತವೆಂದಾದರೆ ನಾಳೆ ತಪ್ಪಿದವರು ಬಾಯಿ ಬಿಡುವುದಿಲ್ಲ; ಬಚ್ಚಿಟ್ಟ ತಪ್ಪು ಪಕ್ಕದ ವಾರ್ಡಿನಲ್ಲಿ ಇನ್ನೊಬ್ಬರ ಕೈಯಿಂದ ಮತ್ತೆ ನಡೆಯುತ್ತದೆ.

ಇನ್ನು ಅಡ್ಡಿಯ ಮಾತು. ಔಷಧ ಕೊಡುತ್ತಿರುವಾಗ ಬರುವ ಒಂದೊಂದು ಅಡಚಣೆಗೂ ತಪ್ಪುಗಳು 12 ಪ್ರತಿಶತಕ್ಕೂ ಮಿಕ್ಕಿ ಹೆಚ್ಚುವುದೆಂದು ಆಸ್ಟ್ರೇಲಿಯದ ಸಿಡ್ನಿಯಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಪೂಜೆಗೆ ಕುಳಿತವರನ್ನು ಮಾತನಾಡಿಸದ ಜನ, ಔಷಧದ ತಟ್ಟೆ ಹಿಡಿದ ದಾದಿಯನ್ನು ಮಾತ್ರ ತಡೆದು ನಿಲ್ಲಿಸಿ ಹೊದಿಕೆಯನ್ನೋ ಬಿಲ್ಲನ್ನೋ ಕೇಳುತ್ತಾರೆ. ಆಸ್ಪತ್ರೆಗೆ ದಾನಮಾಡುವ ಮಹನೀಯರು ಕಟ್ಟಡಕ್ಕೆ ಕೊಟ್ಟಂತೆಯೇ, ವಾರ್ಡಿಗೆ ಇನ್ನೊಬ್ಬ ದಾದಿಯ ಸಂಬಳಕ್ಕೂ ಕೊಟ್ಟರೆ ಉಚಿತ. ಆ ದಾನಕ್ಕೆ ಶಿಲಾಫಲಕವಿಲ್ಲವೆಂಬುದು ನಿಜ.

“ಯವ್ವಾ, ನಿನ್ನಿ ಕೊಟ್ಟಿದ್ದು ಬಿಳಿ ಗುಳಿಗಿ ಇತ್ತಲ್ಲ?” ಎಂದು ಮುದುಕನೊಬ್ಬ ಕೇಳಿದರೆ, “ಸುಮ್ಮನೆ ನುಂಗ್ರಿ ಅಜ್ಜಾ” ಎನ್ನದೆ ಚೀಟಿಯನ್ನು ಮತ್ತೊಮ್ಮೆ ನೋಡುವುದೇ ಶುಶ್ರೂಷೆಯ ಮೂಲಾರ್ಥ. “ನೀವು ಬಸಪ್ಪನವರೇ?” ಎಂದು ಕೇಳುವುದೂ ಸಲ್ಲದು, ಕಿವಿ ಮಂದವಾದವರು ಎಲ್ಲದಕ್ಕೂ ಹೂಂಗುಟ್ಟುತ್ತಾರೆ. “ನಿಮ್ಮ ಹೆಸರೇನ್ರಿ?” ಎಂದು ಕೇಳಿ, ಅವರ ಬಾಯಿಂದಲೇ ಹೇಳಿಸಿ, ನೋಂದಣಿಯ ಸಂಖ್ಯೆಯೊಡನೆ ತಾಳೆ ನೋಡಬೇಕು. ಒಂದೇ ವಾರ್ಡಿನಲ್ಲಿ ಇಬ್ಬರು ಬಸಪ್ಪನವರು ಮಲಗಿರುವುದು ಈ ಸೀಮೆಯಲ್ಲಿ ಅಪರೂಪವೇನೂ ಅಲ್ಲ.