ಹಗ್ಗ ಕಳಚಿದ ಕರಡಿಗಳು

'ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ' ಎಂಬ ಗಾದೆಯನ್ನು ಅರಿಯದ ಕನ್ನಡಿಗರು ವಿರಳ. ಈ ಗಾದೆಯ ಕರಡಿ ಮೃಗವಲ್ಲ, ಅಬ್ಬರದಿಂದ ಬಾರಿಸುವ ಒಂದು ವಾದ್ಯವೆಂದು ಅರ್ಥ ಹೇಳುವ ಪಂಡಿತರೂ ಉಂಟು. ಆದರೆ ಜನಸಾಮಾನ್ಯರ ಕಣ್ಣಿಗೆ ಕಟ್ಟಿದ್ದು ಮೃಗವೇ. ಅದಕ್ಕೆ ಕಾರಣವೂ ಇದೆ. ಕಾಡಿನ ಹುಲಿಯನ್ನು ಕಣ್ಣಾರೆ ಕಂಡವರು ಹಳ್ಳಿಗೊಬ್ಬರಿದ್ದರೆ ಹೆಚ್ಚು. ಕರಡಿಯನ್ನಾದರೋ ಊರಿಗೆ ಊರೇ ಕಂಡಿತ್ತು. ಅದು ತಾನಾಗಿ ಕಾಡಿನಿಂದಿಳಿದು ಬಂದ ಕರಡಿಯಲ್ಲ. ಮೂಗಿನಲ್ಲಿ ಹಗ್ಗವಿದ್ದ, ಡಮರುಗದ ಸದ್ದಿಗೆ ಹಿಂಗಾಲುಗಳ ಮೇಲೆ ನಿಂತು ತೂಗಾಡುತ್ತಿದ್ದ ಕರಡಿ.

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯ ದೊಡ್ಡಗದ್ದವಳ್ಳಿಯಂಥ ಊರುಗಳ ಹಿರಿಯರಿಗೆ ಆ ನೋಟ ಹೊಸದಲ್ಲ. ಸುಗ್ಗಿ ಮುಗಿದು ಕಣಜ ತುಂಬಿದ ದಿನಗಳಲ್ಲಿ ಕರಡಿಯಾಡಿಸುವವನು ಬರುತ್ತಿದ್ದನು. ಮನೆಯ ಹೆಂಗಸರು ಮೊರದಲ್ಲಿ ರಾಗಿಯನ್ನೋ ಭತ್ತವನ್ನೋ ತಂದು ಅವನ ಜೋಳಿಗೆಗೆ ಸುರಿಯುತ್ತಿದ್ದರು. ರಾತ್ರಿ ಬೆಚ್ಚಿಬಿದ್ದು ಅಳುವ ಮಗುವನ್ನು ಕರಡಿಯ ಬೆನ್ನ ಮೇಲೆ ಕೂರಿಸಿ ಒಂದು ಸುತ್ತು ತಿರುಗಿಸಿದರೆ ಭಯ ಬಿಡುವುದೆಂದು ನಂಬಿಕೆ. ಕರಡಿಯ ಕೂದಲನ್ನು ತಾಯಿತದಲ್ಲಿಟ್ಟು ಕೊರಳಿಗೆ ಕಟ್ಟುವುದೂ ಇತ್ತು. ಮಗುವಿನ ಭಯ ಬಿಡಿಸಲು ಬಂದ ಆ ಪ್ರಾಣಿಯ ಭಯವನ್ನು ಮಾತ್ರ ಯಾರೂ ವಿಚಾರಿಸಲಿಲ್ಲ. ವಿಚಾರಿಸದಿದ್ದುದು ಕ್ರೌರ್ಯದಿಂದಲ್ಲ, ನವಿಲು ಕುಣಿಯುವಂತೆ ಕರಡಿಯೂ ಕುಣಿಯುವುದೆಂದು ಎಲ್ಲರೂ ತಿಳಿದಿದ್ದರು.

ಆದರೆ ಕುಣಿತವು ಕರಡಿಯ ಸ್ವಭಾವವಲ್ಲ. ಅದರ ನಿಜವಾದ ಬಾಳು ಬೇರೆಯೇ. ತಾಯಿ ಕರಡಿಯು ಬಂಡೆಗಳ ನಡುವಣ ಗುಹೆಯಲ್ಲೋ ತಾನೇ ತೋಡಿದ ಬಿಲದಲ್ಲೋ ಒಂದೆರಡು ಮರಿಗಳನ್ನು ಹಾಕುತ್ತದೆ. ಮರಿಗಳು ಕೆಲವು ತಿಂಗಳಲ್ಲಿ ಹೊರಬಂದಾಗ ಅವುಗಳಿಗೆ ತಾಯಿಯ ಬೆನ್ನೇ ವಾಹನ. ಹೆಗಲ ಮೇಲಣ ನೀಳವಾದ ಕೂದಲನ್ನು ಬಿಗಿಯಾಗಿ ಹಿಡಿದು ಅವು ಕಾಡೆಲ್ಲ ಸುತ್ತುತ್ತವೆ. ಪ್ರಪಂಚದ ಕರಡಿ ಜಾತಿಗಳಲ್ಲಿ ಮರಿಗಳನ್ನು ಹೀಗೆ ಬೆನ್ನ ಮೇಲೆ ಹೊತ್ತು ಬೆಳೆಸುವ ರೂಢಿ ಭಾರತದ ಈ ಕರಡಿಗೇ ವಿಶೇಷವಾದುದು. ಎಲಚಿ ಯಾವಾಗ ಹಣ್ಣಾಗುವುದು, ನೇರಳೆಯ ಮರ ಎಲ್ಲಿದೆ, ಕಕ್ಕೆಯ ಕಾಯಿ ಯಾವ ತಿಂಗಳಲ್ಲಿ ತಿನ್ನಲು ಯೋಗ್ಯ, ಹುತ್ತವನ್ನು ಯಾವ ಕಡೆಯಿಂದ ಅಗೆಯಬೇಕು, ಜೇನು ಕಟ್ಟಿದ ಕೊಂಬೆಗೆ ಹೇಗೆ ಏರಬೇಕು, ಇವೆಲ್ಲವನ್ನೂ ಮರಿ ತಾಯಿಯ ಜೊತೆಯಲ್ಲಿದ್ದೇ ಕಲಿಯುತ್ತದೆ. ಈ ಕಲಿಕೆ ಎರಡು ವರ್ಷಕ್ಕೂ ಮಿಕ್ಕಿ ನಡೆಯುತ್ತದೆ. ಅನಂತರವೇ ಅದು ಸ್ವತಂತ್ರವಾಗಿ ಬಾಳಲು ಸಮರ್ಥವಾಗುವುದು. ಕರಡಿಗೂ ಒಂದು ವಿದ್ಯಾಭ್ಯಾಸವುಂಟು. ಅದಕ್ಕೆ ತಾಯಿಯ ಬೆನ್ನೇ ಪಾಠಶಾಲೆ ಎಂದರೆ ತಪ್ಪಾಗಲಾರದು.

ಆ ದೇಹದ ರಚನೆಯೂ ಆಶ್ಚರ್ಯಕರವಾದುದು. ಮೇಲ್ದವಡೆಯ ಮುಂಭಾಗದ ನಡುವೆ ಎರಡು ಹಲ್ಲುಗಳೇ ಇಲ್ಲ. ಮೂಗಿನ ಹೊಳ್ಳೆಗಳನ್ನು ಬೇಕೆಂದಾಗ ಮುಚ್ಚಿಕೊಳ್ಳಬಲ್ಲದು. ತುಟಿಗಳನ್ನು ಕೊಳವೆಯಂತೆ ಮುಂದಕ್ಕೆ ಚಾಚಬಲ್ಲದು. ಉದ್ದನೆಯ ಉಗುರುಗಳಿಂದ ಹುತ್ತವನ್ನು ಒಡೆದು, ಮೊದಲು ಉಫ್ ಎಂದು ಮಣ್ಣನ್ನು ಊದಿ ತೆಗೆದು, ಬಳಿಕ ಹಲ್ಲಿನ ಆ ಸಂದಿನಿಂದ ಗೆದ್ದಲುಗಳನ್ನು ಹೀರಿಕೊಳ್ಳುತ್ತದೆ. ಆ ಸದ್ದು 100 ಮೀಟರಿಗೂ ಆಚೆ ಕೇಳಿಸುವುದುಂಟು. ಕಣ್ಣು ಮಂದ, ಕಿವಿ ಸಾಧಾರಣ. ಲೋಕವನ್ನು ಅದು ಅರಿಯುವುದು ಬಹುಮಟ್ಟಿಗೆ ಮೂಗಿನಿಂದಲೇ. ಹಾಸನ ಜಿಲ್ಲೆಯ ಅರಸೀಕೆರೆಯ ಗುಡ್ಡಗಳಲ್ಲಿಯೂ, ಹಂಪೆಗೆ ಸಮೀಪವಾದ, 1994ರಲ್ಲಿ ಕರಡಿಧಾಮವೆಂದು ಘೋಷಿತವಾದ ದರೋಜಿಯ ಬಂಡೆಗಳ ನಡುವೆಯೂ ಕರಡಿಗಳು ಇಂದಿಗೂ ಹೀಗೆಯೇ ಬಾಳುತ್ತಿವೆ.

ಮನುಷ್ಯನು ಹಗ್ಗ ಪೋಣಿಸಿದ್ದು ಇಂಥ ಮೂಗಿಗೆ. ಬೇಟೆಗಾರರು ಮರಿಗಳನ್ನು ಎತ್ತಿ ತರುತ್ತಿದ್ದರು. ಅಡ್ಡ ಬಂದ ತಾಯಿಗೆ ಸಾವು ಕಾದಿರುತ್ತಿತ್ತು. ಎಳೆಯ ಮರಿಯ ಮೂತಿಯನ್ನು ಕಾದ ಸೂಜಿಯಿಂದ ಚುಚ್ಚಿ, ಆ ಗಾಯದೊಳಗೆ ಹಗ್ಗ ತೂರಿಸುತ್ತಿದ್ದರು. ಗಾಯ ಪೂರ್ತಿ ಮಾಯಲು ಹಗ್ಗ ಬಿಡುತ್ತಿರಲಿಲ್ಲ. ಕಚ್ಚದಂತೆ ಕೋರೆಹಲ್ಲುಗಳನ್ನು ಮುರಿಯುತ್ತಿದ್ದರು. ಹಗ್ಗ ಜಗ್ಗಿದಾಗ ನೋವನ್ನು ತಪ್ಪಿಸಿಕೊಳ್ಳಲು ಕರಡಿ ಎದ್ದು ನಿಲ್ಲುತ್ತಿತ್ತು, ಕಾಲು ಬದಲಿಸುತ್ತಿತ್ತು. ಬೀದಿಯ ಜನ ಅದನ್ನೇ ಕುಣಿತವೆಂದು ಕರೆದು ಕಾಸು ಹಾಕುತ್ತಿದ್ದರು.

ಕಾನೂನು ಈ ಆಟವನ್ನು ಒಪ್ಪಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕರಡಿಗೆ ರಕ್ಷಣೆ ನೀಡಿತು. 1998ರಲ್ಲಿ ಕೇಂದ್ರ ಸರ್ಕಾರವು ಕರಡಿ, ಮಂಗ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕಾಗಿ ಪಳಗಿಸುವುದನ್ನು ನಿಷೇಧಿಸಿತು. ಆದರೆ ಕಾಯಿದೆಯ ಪುಸ್ತಕಕ್ಕೂ ಹಳ್ಳಿಯ ಬೀದಿಗೂ ನಡುವಣ ಹಾದಿ ದೀರ್ಘವಾದುದು. ತಲೆತಲಾಂತರದಿಂದ ಕರಡಿಯನ್ನೇ ನಂಬಿದ್ದ ಕಲಂದರ ಕುಟುಂಬಗಳಿಗೆ ಅನ್ಯ ಜೀವನೋಪಾಯವಿರಲಿಲ್ಲ. ಕರಡಿಯನ್ನು ವಶಪಡಿಸಿಕೊಂಡರೆ ಇಡುವ ಸ್ಥಳವೂ ಇರಲಿಲ್ಲ. 1995ರಲ್ಲಿ ಕಾರ್ತಿಕ್ ಸತ್ಯನಾರಾಯಣ ಮತ್ತು ಗೀತಾ ಶೇಷಮಣಿ ಸ್ಥಾಪಿಸಿದ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆಯು ಈ ಎರಡು ತೊಡಕುಗಳನ್ನೂ ಒಟ್ಟಿಗೆ ಬಿಡಿಸಲು ಮುಂದಾಯಿತು. 2002ರ ಕೊನೆಯಲ್ಲಿ ಆಗ್ರಾದ ಕೇಂದ್ರಕ್ಕೆ ಮೊದಲ ಕರಡಿಗಳು ಬಂದವು. 2005ರಲ್ಲಿ ಕರ್ನಾಟಕದ ಅರಣ್ಯ ಇಲಾಖೆಯ ಸಹಯೋಗದಲ್ಲಿ ಬೆಂಗಳೂರಿನ ಬಳಿಯ ಬನ್ನೇರುಘಟ್ಟದಲ್ಲಿ ಕರಡಿ ರಕ್ಷಣಾ ಕೇಂದ್ರ ಆರಂಭವಾಯಿತು. 2009ರ ಡಿಸೆಂಬರಿನಲ್ಲಿ ರಾಜು ಎಂಬ ಕರಡಿಯ ಹಗ್ಗವನ್ನು ಕಳಚಿ ಅಲ್ಲಿಗೆ ಸೇರಿಸಿದಾಗ, ಭಾರತದ ಬೀದಿಗಳ ಕೊನೆಯ ಕುಣಿಯುವ ಕರಡಿ ಅದೆಂದು ಸಾರಲಾಯಿತು. ಅಷ್ಟರಲ್ಲಿ ದೇಶದಾದ್ಯಂತ 600ಕ್ಕೂ ಹೆಚ್ಚು ಕರಡಿಗಳು ಬಿಡುಗಡೆ ಹೊಂದಿದ್ದವು.

ಇಲ್ಲಿಗೆ ಕಥೆ ಮುಗಿಯಿತೆಂದು ತಿಳಿಯುವುದು ಸುಲಭ. ವಾಸ್ತವವಾಗಿ ಕಷ್ಟದ ಭಾಗ ಆರಂಭವಾಗುವುದೇ ಇಲ್ಲಿಂದ. ಹಗ್ಗವನ್ನು ಕತ್ತರಿಸುವುದು ಕೆಲವು ನಿಮಿಷಗಳ ಕೆಲಸ. ಪ್ರಾಣಿಗೆ ಅರಿವಳಿಕೆ ಕೊಟ್ಟು, ಮಾಂಸದಲ್ಲಿ ಹುದುಗಿದ ನೂಲನ್ನು ವೈದ್ಯರು ತೆಗೆದು, ಗಾಯವನ್ನು ತೊಳೆಯುತ್ತಾರೆ. ಮುರಿದು ಕೊಳೆತ ಹಲ್ಲುಗಳಿಗೆ ಚಿಕಿತ್ಸೆ ಮಾಡುತ್ತಾರೆ. ಮನುಷ್ಯರ ನಡುವೆ ಬಾಳಿದುದರಿಂದ ಮನುಷ್ಯರ ಕ್ಷಯರೋಗವೂ ಕೆಲವಕ್ಕೆ ತಗುಲಿರುತ್ತದೆ. ಆದುದರಿಂದ ಹೊಸದಾಗಿ ಬಂದ ಕರಡಿಯನ್ನು ಪ್ರತ್ಯೇಕವಾಗಿಟ್ಟು ಪರೀಕ್ಷಿಸಬೇಕು. ಕಣ್ಣು ಕಳೆದುಕೊಂಡು ಬಂದವೂ ಇದ್ದವು. ಮೂಗಿನ ಗಾಯ ಕೆಲವು ವಾರಗಳಲ್ಲಿ ಮಾಯುತ್ತದೆ, ಉದುರಿದ ಕೂದಲು ಕೆಲವು ತಿಂಗಳಲ್ಲಿ ಮತ್ತೆ ದಟ್ಟವಾಗಿ ಬೆಳೆಯುತ್ತದೆ. ಆದರೆ ಎರಡು ವರ್ಷದ ಆ ಕಾಡಿನ ವಿದ್ಯೆ? ಅದನ್ನು ಯಾವ ವೈದ್ಯನೂ ತಂದುಕೊಡಲಾರನು. ಕುಣಿದ ಕರಡಿಗಳನ್ನು ಕಾಡಿಗೆ ಬಿಡದಿರುವುದಕ್ಕೆ ಕಾರಣ ಇದೇ. ಹಲ್ಲಿಲ್ಲದ, ಹಣ್ಣಿನ ಮರವನ್ನರಿಯದ, ಮನುಷ್ಯನನ್ನು ಕಂಡರೆ ದೂರ ಸರಿಯಲು ಕಲಿಯದ ಕರಡಿ ಕಾಡಿನಲ್ಲಿ ಬಹುಕಾಲ ಉಳಿಯಲಾರದು. ಊರಿಗೆ ಬಂದರೆ ಊರಿಗೂ ಕ್ಷೇಮವಲ್ಲ.

ಆದುದರಿಂದ ಬನ್ನೇರುಘಟ್ಟದ ಬೇಲಿಯೊಳಗಣ ಕುರುಚಲು ಕಾಡೇ ಅವುಗಳ ಪಾಲಿಗೆ ತಡವಾಗಿ ತೆರೆದ ಪಾಠಶಾಲೆಯಾಯಿತು. ಅಲ್ಲಿಯ ದಿನಚರಿ ಸರಳವಾದುದು. ಬೆಳಿಗ್ಗೆ ಗಂಜಿ. ಧಾನ್ಯದ ಹಿಟ್ಟನ್ನು ಬೇಯಿಸಿ, ಸಿಹಿ ಬೆರೆಸಿದ ಆ ಗಂಜಿಯ ವಾಸನೆ ಬಂದೊಡನೆ ಮೂಗುಗಳು ಮೇಲೇಳುತ್ತವೆ. ಬಟ್ಟಲು ನೆಕ್ಕಿ ಮುಗಿದ ಮೇಲೆ ಬಾಗಿಲು ತೆರೆಯುತ್ತದೆ. ಕರಡಿಗಳು ಮರಗಿಡಗಳ ನಡುವೆ ಚದುರುತ್ತವೆ. ಕಲ್ಲಂಗಡಿ, ಪರಂಗಿ, ಬಾಳೆಯ ಹಣ್ಣುಗಳನ್ನು ಒಂದೇ ಕಡೆ ರಾಶಿ ಹಾಕುವುದಿಲ್ಲ. ಬಂಡೆಯ ಸಂದಿನಲ್ಲಿ, ಮರದ ಕವಲಿನಲ್ಲಿ ಅಡಗಿಸಿಡುತ್ತಾರೆ, ಹುಡುಕಿದವನಿಗೆ ಊಟ. ಮಧ್ಯಾಹ್ನದ ಬಿಸಿಲಿಗೆ ಕರಡಿಗಳು ತಾವೇ ತೋಡಿದ ತಂಪಾದ ಗುಂಡಿಗಳಲ್ಲಿ ಹೊಟ್ಟೆಯಡಿ ಮಾಡಿ ಮಲಗುತ್ತವೆ. ಕೆಲವು ಅಂಗಾಲನ್ನು ಚೀಪುತ್ತಾ ಜೇನುಗೂಡಿನಂತೆ ಗುಂಯ್‌ಗುಡುತ್ತವೆ. ಬಿಸಿಲಿಳಿದ ಮೇಲೆ ಅಗೆತ, ಕುಸ್ತಿ, ಮರ ಹತ್ತುವ ಪ್ರಯತ್ನ. ಸಂಜೆ ಮತ್ತೆ ಗಂಜಿ, ಬಳಿಕ ಗೂಡು.

ಈ ಶಾಲೆಯ ಪಾಠಗಳು ವಿಚಿತ್ರವಾದವು. ಕೊರೆದ ದಿಮ್ಮಿಯ ತೂತಿನಲ್ಲಿ ಜೇನು ಸುರಿದಿಡುತ್ತಾರೆ. ಹೊಸ ಕರಡಿ ಮೊದಲು ಅದರ ಮುಂದೆ ಸುಮ್ಮನೆ ಕುಳಿತಿರುತ್ತದೆ, ಯಾರೋ ಬಂದು ಹಗ್ಗ ಜಗ್ಗಿ ಅಪ್ಪಣೆ ಕೊಡಬೇಕೆಂಬಂತೆ. ಅಪ್ಪಣೆ ಬರುವುದಿಲ್ಲ. ಜೇನಿನ ವಾಸನೆ ಬಿಡುವುದಿಲ್ಲ. ಕೊನೆಗೊಂದು ದಿನ ಉಗುರು ದಿಮ್ಮಿಯನ್ನು ಕೆರೆಯುತ್ತದೆ, ನಾಲಗೆ ತೂತಿನೊಳಗೆ ಇಳಿಯುತ್ತದೆ. ಮತ್ತೊಂದು ದಿನ ನೆಲದ ಮಣ್ಣನ್ನು ಅಗೆದು, ಹುಟ್ಟಿನಿಂದ ಬಂದ ಆ ಉಸಿರಿನಿಂದ ಧೂಳನ್ನು ಊದಿ, ಗೆದ್ದಲನ್ನು ಹೀರುತ್ತದೆ. ತಾಯಿ ಕಲಿಸದೆ ಹೋದುದರಲ್ಲಿ ಸ್ವಲ್ಪಭಾಗ ಮೈಯೊಳಗೇ ಉಳಿದಿತ್ತೆಂದು ಆಗ ತಿಳಿಯುತ್ತದೆ. ಎಲ್ಲವೂ ಉಳಿದಿರುವುದಿಲ್ಲ. ಬಾಗಿಲು ತೆರೆದಿದ್ದರೂ, ಸುತ್ತ ಮರಗಳಿದ್ದರೂ, ನಿಂತಲ್ಲೇ ನಿಂತು ತಲೆಯನ್ನು ಎಡಕ್ಕೂ ಬಲಕ್ಕೂ ತೂಗುವ ಕರಡಿಗಳುಂಟು. ಮೂಗಿನಲ್ಲಿ ಹಗ್ಗವಿಲ್ಲ, ಡಮರುಗವಿಲ್ಲ. ಆದರೂ ಮೈ ಅದೇ ತಾಳವನ್ನು ಹಾಕುತ್ತದೆ. ಈ ಅಭ್ಯಾಸ ಕೆಲವಕ್ಕೆ ತಿಂಗಳುಗಳಲ್ಲಿ ತಗ್ಗುತ್ತದೆ, ಕೆಲವಕ್ಕೆ ವರ್ಷಗಳು ಬೇಕು, ಕೆಲವಕ್ಕೆ ಕೊನೆಯವರೆಗೂ ಬಿಡುವುದಿಲ್ಲ. ಸೇವಕರು ಅದನ್ನು ಬಲಾತ್ಕಾರದಿಂದ ನಿಲ್ಲಿಸುವುದಿಲ್ಲ. ಗಮನವನ್ನು ಬೇರೆಡೆಗೆ ಸೆಳೆಯುವ ಒಂದು ಹಣ್ಣನ್ನೋ ಹೊಸ ವಾಸನೆಯನ್ನೋ ಹತ್ತಿರ ತಂದಿಟ್ಟು ಕಾಯುತ್ತಾರೆ.

ಇಂಥ ಶಾಲೆಗಳು ಪ್ರಪಂಚದ ಬೇರೆಡೆಗಳಲ್ಲಿಯೂ ಇವೆ. ಮನುಷ್ಯನಿಗೆ ಅತಿ ಸಮೀಪದ ಬಂಧುವಾದ ಚಿಂಪಾಂಜಿಯ ಕಥೆ ಕರಡಿಯ ಕಥೆಗಿಂತ ಹೆಚ್ಚು ಭಿನ್ನವಲ್ಲ. 1960ರಲ್ಲಿ ಜೇನ್ ಗುಡಾಲ್ ಆಫ್ರಿಕಾದ ಗೊಂಬೆ ಕಾಡಿನಲ್ಲಿ ಚಿಂಪಾಂಜಿಯು ಹುಲ್ಲುಕಡ್ಡಿಯನ್ನು ಹುತ್ತದೊಳಗೆ ತೂರಿಸಿ ಗೆದ್ದಲು ಹಿಡಿದು ತಿನ್ನುವುದನ್ನು ಕಂಡು ಜಗತ್ತಿಗೆ ತಿಳಿಸಿದರು. ಆ ವಿದ್ಯೆಯನ್ನೂ ಮರಿ ಕಲಿಯುವುದು ವರ್ಷಗಟ್ಟಲೆ ತಾಯಿಯ ಪಕ್ಕದಲ್ಲಿ ಕುಳಿತು, ನೋಡಿ, ತಪ್ಪಿ, ಮತ್ತೆ ಮಾಡಿ. ಮರಿಯನ್ನು ಮಾರಲು ಹಿಡಿಯುವವರು ಮೊದಲು ಕೊಲ್ಲುವುದು ಆ ತಾಯಿಯನ್ನೇ. ಹೀಗೆ ತಬ್ಬಲಿಯಾದ ಚಿಂಪಾಂಜಿಗಳಿಗಾಗಿ ಉಗಾಂಡಾದ ವಿಕ್ಟೋರಿಯಾ ಸರೋವರದ ನ್ಗಾಂಬಾ ದ್ವೀಪದಲ್ಲಿ 1998ರಲ್ಲಿ ಒಂದು ಆಶ್ರಯಧಾಮ ತೆರೆಯಿತು. ಅವು ಹಗಲೆಲ್ಲ ದ್ವೀಪದ ಕಾಡಿನಲ್ಲಿ ಅಲೆದು, ಸಂಜೆ ಊಟಕ್ಕೂ ನಿದ್ರೆಗೂ ತಾವಾಗಿ ಹಿಂದಿರುಗುತ್ತವೆ. ಬನ್ನೇರುಘಟ್ಟದಲ್ಲಿಯೂ ಅಲ್ಲಿಯೂ ಮನುಷ್ಯನು ಮಾಡುತ್ತಿರುವುದು ಒಂದೇ ಕೆಲಸ: ತಾನು ಇಲ್ಲದಂತೆ ಮಾಡಿದ ತಾಯಿಯ ಸ್ಥಾನದಲ್ಲಿ ತಾನೇ ನಿಂತು, ಅರ್ಧ ಮಾತ್ರ ತಿಳಿದ ವಿದ್ಯೆಯನ್ನು ಕಲಿಸಲು ಹೆಣಗುವುದು.

ಕರಡಿಯ ವಿಷಯ ಹೇಳಿ ಕರಡಿಯಾಡಿಸುವವನನ್ನು ಮರೆತರೆ ಅನ್ಯಾಯವಾದೀತು. ಹಗ್ಗದ ಒಂದು ತುದಿಗೆ ಮೃಗ ಕಟ್ಟುಬಿದ್ದಿದ್ದರೆ ಮತ್ತೊಂದು ತುದಿಗೆ ಮನುಷ್ಯ ಕಟ್ಟುಬಿದ್ದಿದ್ದನು. ಕಲಂದರನ ಮನೆಯ ದುಡಿಯುವ ಜೀವ ಆ ಕರಡಿಯೊಂದೇ. ಊರಿಂದೂರಿಗೆ ನಡೆಯುವ ಕುಟುಂಬದ ಮಕ್ಕಳಿಗೆ ಯಾವ ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿಯೂ ಹೆಸರಿರಲಿಲ್ಲ. ಮರಿಯ ವಿದ್ಯೆಯನ್ನು ಕಸಿದುಕೊಂಡ ಕಸುಬು ತನ್ನ ಮಕ್ಕಳ ವಿದ್ಯೆಯನ್ನೂ ಕಸಿದುಕೊಂಡಿತ್ತು. ಕರಡಿಯನ್ನು ಒಪ್ಪಿಸಿದವರಿಗೆ ಹೊಸ ಜೀವನೋಪಾಯಕ್ಕೆ ಬಂಡವಾಳ ಕೊಡುವುದು, ಹೆಂಗಸರಿಗೆ ಕೈಕಸುಬು ಕಲಿಸುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು ಈ ಕಾರ್ಯದ ಅಂಗವೇ ಆಯಿತು. ಕೆಲವರು ಆಟೋ ಓಡಿಸಿದರು, ಕೆಲವರು ಅಂಗಡಿಯಿಟ್ಟರು, ಕೆಲವರು ರಕ್ಷಣಾ ಕೇಂದ್ರಗಳಲ್ಲಿಯೇ ಕರಡಿಗಳ ಸೇವೆಗೆ ನಿಂತರು. ಹಗ್ಗವನ್ನು ಒಪ್ಪಿಸುವಾಗ ಕಣ್ಣೀರಿಟ್ಟವರೂ ಇದ್ದರು. ನೋವು ಕೊಟ್ಟ ಕೈಯೇ ರೊಟ್ಟಿಯನ್ನೂ ಹಂಚಿಕೊಂಡಿತ್ತು, ಅದೂ ಸುಳ್ಳಲ್ಲ. ಮನುಷ್ಯನ ಹೊಟ್ಟೆಗೆ ದಾರಿ ತೋರದೆ ಹಗ್ಗವನ್ನಷ್ಟೇ ಕಿತ್ತುಕೊಂಡಿದ್ದರೆ, ಅದೇ ಹಸಿವು ಮತ್ತೊಂದು ಮರಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಿತ್ತು.

ಮನುಷ್ಯರ ಆರೈಕೆಯಲ್ಲಿ ಕರಡಿಯು ಸುಮಾರು 30 ವರ್ಷ ಬಾಳಬಲ್ಲದು. ಒಂದು ದಿನ ಕತ್ತರಿಸಿದ ಹಗ್ಗಕ್ಕೆ ಪ್ರತಿಯಾಗಿ ಸಾವಿರಾರು ದಿನಗಳ ಗಂಜಿ ಬೇಯಬೇಕು. ಹಗ್ಗ ಕತ್ತರಿಸುವ ದಿನ ಭಾವಚಿತ್ರ ತೆಗೆಯುವವರು ಬರುತ್ತಾರೆ. ಮಳೆಗಾಲದ ಮುಂಜಾನೆ ಕುರುಡು ಕರಡಿಯ ಬಟ್ಟಲನ್ನು ತೊಳೆಯುವಾಗ ಯಾರೂ ಬರುವುದಿಲ್ಲ. ದಾನವೆಂಬುದು ನಿಜವಾಗಿ ಫಲಿಸುವುದು ಆ ಎರಡನೆಯ ದಿನದಲ್ಲಿ. ಇಷ್ಟಾದರೂ ಆ ಕರಡಿಗಳಿಗೆ ಕಾಡು ಹಿಂದಿರುಗುವುದಿಲ್ಲ, ರಕ್ಷಣಾ ಕೇಂದ್ರದಲ್ಲಿ ಸಂತಾನಕ್ಕೂ ಅವಕಾಶವಿಲ್ಲ. ಬೀದಿಯಲ್ಲಿ ಕುಣಿದ ಕರಡಿಗಳ ಪೈಕಿ ಕಟ್ಟಕಡೆಯದು ಮುಪ್ಪಿನಿಂದ ಕಣ್ಣು ಮುಚ್ಚಿದ ದಿನ ಆ ಪಾಠಶಾಲೆಯ ಒಂದು ತರಗತಿ ಶಾಶ್ವತವಾಗಿ ಮುಚ್ಚುತ್ತದೆ. ಯಾವ ಶಾಲೆಯೂ ತನ್ನ ತರಗತಿ ಬರಿದಾಗಲೆಂದು ಬಯಸುವುದಿಲ್ಲ. ಈ ಶಾಲೆ ಮಾತ್ರ ಅದನ್ನೇ ಬಯಸಿ ನಡೆಯುತ್ತಿದೆ. ಅಲ್ಲಿಯವರೆಗೆ, ಅರಸೀಕೆರೆಯ ಗುಡ್ಡದಲ್ಲಿ ತಾಯಿಯ ಬೆನ್ನೇರಿ ಹೊರಟ ಮರಿ ತನ್ನ ಎರಡು ವರ್ಷದ ಪಾಠವನ್ನು ಅಡ್ಡಿಯಿಲ್ಲದೆ ಮುಗಿಸುವಂತೆ ನೋಡಿಕೊಳ್ಳುವುದು ಊರಿನವರ ಪಾಲಿನ ಕರ್ತವ್ಯ.